ಮಲಗಿರೋ ಪುಸ್ತಕಗಳು

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು, ಸೈಕಲ್ ಸ್ಟ್ಯಾಂಡು ದಾಟಿ, ಎಡಗಡೆಯ ಸಂದಿಗೆ ತಿರುಗಿದರೆ ಆರುಮುಗಂ ಅಂಗಡಿ. ಅದಕ್ಕೆ ಬೋರ್ಡಿಲ್ಲ. ಮೊದಲು ಇತ್ತಂತೆ. ಒಂದು ಸಲ ಗಾಳಿಗೆ ಬಿದ್ದಾಗ ಆರುಮುಗಂ ಅದನ್ನು ಮತ್ತೆ ಮೇಲಕ್ಕೆ ಕಟ್ಟಲಿಲ್ಲ. ಒಳಗೆ ತಂದು, ಕೆಳಗೆ ಇಟ್ಟಿಗೆ ಕೊಟ್ಟು, ಅದರ ಮೇಲೂ ಪುಸ್ತಕ ಪೇರಿಸಿದ. ಹಳೇ ಪುಸ್ತಕದಂಗಡಿ ಎಂದು ಊರಿಗೆಲ್ಲ ಗೊತ್ತಿರುವಾಗ ಬರೆದು ತೂಗು ಹಾಕುವುದೇಕೆ ಎನ್ನುವುದು ಅವನ ಮಾತು.

ವರಲಕ್ಷ್ಮಮ್ಮ ಆ ಅಂಗಡಿಯೊಳಗೆ ಮೊದಲ ಸಲ ಕಾಲಿಟ್ಟಿದ್ದು ಪುಸ್ತಕ ಬೇಕೆಂದಲ್ಲ, ನೆರಳು ಬೇಕೆಂದು. ಅವಳ ಊರು ಕಾಮಸಮುದ್ರದ ಕಡೆ. ಮನೆಯಲ್ಲಿ ಎರಡು ಹಸು, ಒಂದು ಎಮ್ಮೆ. ಹಸುವಿನ ಹಾಲು ಡೇರಿಗೆ ಹೋಗುತ್ತದೆ. ಎಮ್ಮೆ ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ವಾರಕ್ಕೊಂದು ಸಲ ಬಂಗಾರಪೇಟೆಯ ಒಂದು ಹೋಟಲಿಗೆ ಕೊಟ್ಟು ಬರುತ್ತಾಳೆ. ಕೊಟ್ಟ ಮೇಲೆ ಬಸ್ಸಿಗೆ ಕಾಯುವುದೊಂದೇ ಕೆಲಸ. ಆ ದಿನ ಬಿಸಿಲು ತಲೆಯ ಮೇಲೆ ಕೂತು ಗುದ್ದುತ್ತಿತ್ತು. ಸೆರಗು ಹೊದ್ದು ಆ ಸಂದಿಗೆ ಬಂದಳು. ಬಾಗಿಲು ತೆರೆದಿತ್ತು, ಒಳಗೆ ತಂಪು ಇತ್ತು, ನಿಂತಳು.

"ಏನು ಬೇಕಕ್ಕಾ?" ಎಂದ ಒಳಗಿದ್ದವನು.

"ಏನೂ ಬ್ಯಾಡಣ್ಣ. ಬಸ್ಸು ಬರಗಂಟ ಇಲ್ಲೇ ಸೊಲ್ಪ ನಿಂತ್ಕಂತೀನಿ."

"ನಿಂತ್ಕೊಂಡು ಏನ್ ಮಾಡ್ತೀರಿ? ಕೂತ್ಕಳಿ. ಕೈಯಾಗೆ ಒಂದು ಪುಸ್ತಕ ಇಟ್ಕಳಿ. ಸುಮ್ನೆ ಕೂತ್ರೆ ಎಣ್ಣು ನೋಡಾಕೆ ಬಂದೋರ ಥರ ಕಾಣ್ತೀರಿ."

ಅವಳಿಗೆ ನಗು ಬಂತು. ಮುಚ್ಚಿಹೋದ ಯಾವುದೋ ಟಾಕೀಸಿನಿಂದ ತಂದ ಜೋಡಿ ಕುರ್ಚಿ ಗೋಡೆಗೆ ಆನಿಸಿತ್ತು. ಎದ್ದರೆ ಮಡಚಿಕೊಳ್ಳುವ ಕುರ್ಚಿ. ಅದರಲ್ಲಿ ಕೂತು ಕೈಗೆ ಸಿಕ್ಕಿದ್ದೊಂದನ್ನು ಎತ್ತಿಕೊಂಡಳು.

ಬೇತಮಂಗಲದ ಹತ್ತಿರದ ತವರೂರಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದಳು ವರಲಕ್ಷ್ಮಮ್ಮ. ಆಮೇಲೆ ದನ ಕಾಯಲು ಹೋದಳು. ಕಲಿತ ಅಕ್ಷರ ಮರೆತಿರಲಿಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಮದುವೆ ಪತ್ರಿಕೆ, ಇವನ್ನೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಳ್ಳುತ್ತಿದ್ದಳು. ಪುಸ್ತಕ ಎನ್ನುವುದನ್ನು ಮಾತ್ರ ಕೈಯಲ್ಲಿ ಹಿಡಿದು ಯಾವ ಕಾಲವಾಗಿತ್ತೋ! ಆ ದಿನ ಓದಲಿಲ್ಲ. ಬರೀ ಹಾಳೆ ಮಗುಚಿದಳು. ಒಂದರಲ್ಲಿ ಯಾರೋ ಮಡಚಿಟ್ಟ ಸಿನಿಮಾ ಟಿಕೆಟ್ಟು ಸಿಕ್ಕಿತು. ಇನ್ನೊಂದರಲ್ಲಿ ಒಣಗಿ ಪುಡಿಯಾದ ದವನದ ಕಡ್ಡಿ, ಇನ್ನೂ ಘಮ್ಮೆನ್ನುತ್ತಿತ್ತು. ಹೆಂಗಸರ ಹಳೆಯ ವಾರಪತ್ರಿಕೆಯೊಂದರಲ್ಲಿ ಅಚ್ಚಾದ ರಂಗೋಲಿಯ ಪಕ್ಕದಲ್ಲೇ ಯಾರೋ ಪೆನ್ಸಿಲಿನಲ್ಲಿ ಅದನ್ನು ಬಿಡಿಸಲು ಹೋಗಿ, ಚುಕ್ಕಿ ತಪ್ಪಿ, ಸಿಟ್ಟಿನಿಂದ ಗೀಚಿ ಹಾಕಿದ್ದರು. ಅದನ್ನು ಕಂಡು ಅವಳಿಗೆ ಆ ಹೆಂಗಸಿನ ಪರಿಚಯವೇ ಆದಂತಾಯಿತು. ಬಸ್ಸು ಬಂದು ಹೋಯಿತು. ಮುಂದಿನ ಬಸ್ಸಿಗೆ ಹೋದಳು.

ಅಲ್ಲಿಂದ ವಾರವಾರವೂ ಹೋಗತೊಡಗಿದಳು. ಹೋಗುತ್ತಾ ಹೋಗುತ್ತಾ ಅಂಗಡಿಯ ರೀತಿ ತಿಳಿಯಿತು.

ಆರುಮುಗಂ ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಿ, ಗಣಿಯವರ ಲೈನ್ ಮನೆಗಳಲ್ಲಿ. ಗಣಿ ಮುಚ್ಚುವವರೆಗೆ ಅವನೂ ಕೆಳಕ್ಕೆ ಇಳಿದವನೇ. ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುವಾಗ ಇವನು ಗೋಣಿಚೀಲ ಹಿಡಿದು ಹಳೇ ಪೇಪರು ಕೊಳ್ಳಲು ಹೊರಟ. ಪೇಪರಿನ ಜೊತೆ ಪುಸ್ತಕಗಳೂ ಬಂದವು. ಅವನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಹೀಗೆ ಅಂಗಡಿಯಾಯಿತು. ಆದರೆ ಒಂದು ತೊಡಕಿತ್ತು. ಆರುಮುಗಂಗೆ ಓದಲು ಬರುವುದು ತಮಿಳು ಮಾತ್ರ. ಕನ್ನಡ ತೆಲುಗು ಎರಡನ್ನೂ ನೀರು ಕುಡಿದ ಹಾಗೆ ಮಾತಾಡುತ್ತಾನೆ, ಅಕ್ಷರ ಒಂದೂ ಬಾರದು. ತನ್ನ ಅಂಗಡಿಯ ಮುಕ್ಕಾಲು ಪುಸ್ತಕದಲ್ಲಿ ಏನಿದೆಯೆಂದು ತನಗೇ ಗೊತ್ತಿಲ್ಲದೆ ಮಾರುವುದು ಹೇಗೆ?

ಅದಕ್ಕೆ ಅವನೇ ಒಂದು ದಾರಿ ಮಾಡಿಕೊಂಡಿದ್ದ. ಯಾರು ಪುಸ್ತಕ ಎತ್ತಿಕೊಂಡರೂ ಅದರಲ್ಲಿ ಒಂದಿಷ್ಟು ಗಟ್ಟಿಯಾಗಿ ಓದಿ ಅವನಿಗೆ ಕೇಳಿಸಬೇಕು. ಅವನು ಕಣ್ಣು ಮುಚ್ಚಿ ಕೇಳುತ್ತಾನೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಹಾಗೆ ಕೇಳಿಸಿಕೊಂಡ ಪುಸ್ತಕಗಳು ಹಲಗೆಯ ಮೇಲೆ ನೆಟ್ಟಗೆ ನಿಲ್ಲುತ್ತವೆ. ಅವುಗಳ ಬಗ್ಗೆ ಕೇಳಿ, ಹೇಳುತ್ತಾನೆ: "ಅದ್ರಾಗೆ ಒಬ್ಬ ಲಾಯರು, ಅವನ ಎಂಡ್ತಿ ಸರಿಯಿಲ್ಲ. ನಿಮಗೆ ಬ್ಯಾಡ, ಈ ಕಡೀದು ತಗಳಿ." ಇನ್ನೂ ಯಾರೂ ಓದಿ ಕೇಳಿಸದ ಪುಸ್ತಕಗಳು ಮೂಲೆಯಲ್ಲಿ ನೆಲದ ಮೇಲೆ ಗುಡ್ಡೆಯಾಗಿ ಮಲಗಿರುತ್ತವೆ. ನಿಂತಿರೋ ಪುಸ್ತಕ, ಮಲಗಿರೋ ಪುಸ್ತಕ ಎಂದೇ ಅವನ ಗಿರಾಕಿಗಳು ಹೇಳುತ್ತಾರೆ. ಮಲಗಿರೋದನ್ನು ಓದಿ ಎಬ್ಬಿಸದೆ ಯಾರೂ ಒಯ್ಯುವಂತಿಲ್ಲ. ಬಸ್ಸಿಗೋ ರೈಲಿಗೋ ಅವಸರವಾದರೆ ಒಯ್ದು, ಮತ್ತೆ ತಂದು ಓದಿ ಕೇಳಿಸಿ, ಆಮೇಲೆ ಇಟ್ಟುಕೊಳ್ಳಬೇಕು.

ವರಲಕ್ಷ್ಮಮ್ಮನಿಗೆ ಈ ಗಟ್ಟಿಯಾಗಿ ಓದುವುದೆಂದರೆ ಮೈ ಬೆವರುತ್ತಿತ್ತು. ಅದಕ್ಕೇ ಬಹಳ ದಿನ ಬರೀ ಮಗುಚಿ ನೋಡಿ, ಮುಟ್ಟಿ ನೋಡಿ, ಇದ್ದಲ್ಲೇ ಇಟ್ಟು ಬರುತ್ತಿದ್ದಳು. ಆರುಮುಗಂ ಒಂದು ದಿನವೂ "ಏನಾದ್ರೂ ತಗೊಳ್ಳಿ" ಎನ್ನಲಿಲ್ಲ. ಆ ಒಂದಕ್ಕೇ ಅವಳು ಅವನನ್ನು ನೆನೆಯುತ್ತಿದ್ದಳು. ಪೇಟೆಯಲ್ಲಿ ಏನನ್ನೂ ಕೊಳ್ಳದೆ ಕೂರಲು ಬಿಡುವವರು ಯಾರಿದ್ದಾರೆ?

ಕೊನೆಗೆ ಅವಳು ಪುಸ್ತಕ ಕೊಳ್ಳಬೇಕಾಗಿ ಬಂದದ್ದು ಅತ್ತೆಯಿಂದ.

ಅತ್ತೆ ಮುನಿಶಾಮಮ್ಮ ಆಂಧ್ರದ ಗಡಿಯಾಚೆಯ ಊರಿನಿಂದ ಸೊಸೆಯಾಗಿ ಬಂದವಳು. ಮನೆಮಾತು ತೆಲುಗು. ವರಲಕ್ಷ್ಮಮ್ಮ ಮದುವೆಯಾಗಿ ಬಂದಾಗ ಒಂದು ಮಾತೂ ತಿಳಿಯದೆ ಒಲೆ ಮುಂದೆ ಕೂತು ಅಳುತ್ತಿದ್ದರೆ, ಅತ್ತೆ ರಾತ್ರಿ ಅಡಿಗೆಯ ಹೊತ್ತಿಗೆ ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದಳು. ಮೊದಮೊದಲು ಬರೀ ದನಿ ಕೇಳಿಸುತ್ತಿತ್ತು, ಆಮೇಲೆ ಮಾತು ತಿಳಿಯಿತು, ಆಮೇಲೆ ಬಾಯಿಗೂ ಬಂತು. ಬೈಯದೆ ಭಾಷೆ ಕಲಿಸಿದ ಅತ್ತೆ ತನ್ನ ಪುಣ್ಯ ಎಂದು ವರಲಕ್ಷ್ಮಮ್ಮ ಎಲ್ಲರ ಮುಂದೆಯೂ ಹೇಳುವಳು.

ಆ ಮುನಿಶಾಮಮ್ಮನಿಗೆ ಈಗ ತೀರಾ ವಯಸ್ಸಾಗಿ, ಕಣ್ಣಿಗೆ ಮಂಜು ಕವಿದು, ನೆನಪು ಜಾರುತ್ತಿತ್ತು. ಹಗಲೆಲ್ಲ ಜಗುಲಿಯಲ್ಲಿ ಸುಮ್ಮನಿರುವಳು. ದೀಪ ಹಚ್ಚುವ ಹೊತ್ತಾಯಿತೆಂದರೆ ಬೇರೆಯೇ ಮನುಷ್ಯಳಾಗುವಳು. ಎದುರಿಗಿದ್ದವರ ಗುರುತು ಸಿಗದು. "ಇಂಟಿಕಿ ಪೋತಾನು," ಮನೆಗೆ ಹೋಗುತ್ತೇನೆ ಎಂದು ಎದ್ದು ಬಾಗಿಲು ದಾಟುವಳು. ಇದೇ ನಿನ್ನ ಮನೆ ಎಂದರೆ ಅಳುವಳು. ಕೈ ಹಿಡಿದು ಎಳೆದರೆ ಕಳ್ಳರು ಹಿಡಿದಂತೆ ಕೂಗುವಳು. ಒಂದು ಸಂಜೆ ವರಲಕ್ಷ್ಮಮ್ಮ ಹಾಲು ಕರೆಯುತ್ತಿದ್ದಾಗ ಮುದುಕಿ ಕೆರೆ ಏರಿಯವರೆಗೆ ಹೋಗಿಬಿಟ್ಟಿದ್ದಳು. ಡೇರಿಯ ಗಾಡಿಯವರು ಕಂಡು ಕೂರಿಸಿಕೊಂಡು ತಂದರು.

ಆ ದಿನ ವರಲಕ್ಷ್ಮಮ್ಮನ ಮಗ ಮುನೇಶ್ ಪೇಟೆಯಿಂದ ಕಬ್ಬಿಣದ ಚಿಲಕ ತಂದ. ಹೊರಗಡೆಯಿಂದ ಹಾಕುವ ಚಿಲಕ.

"ಏನ್ಲಾ ಇದು?"

"ಸಂಜೆ ಆದ್ರೆ ಅಜ್ಜೀನ ಒಳಗೆ ಬಿಟ್ಟು ಆಕ್ಬಿಡಾನ ಅಮ್ಮ. ಇನ್ನೇನ್ ಮಾಡ್ತೀಯ? ಇವತ್ತು ಗಾಡಿಯೋರು ಕಂಡ್ರು. ನಾಳೆ ಯಾರೂ ಕಾಣ್ದೆ ಇದ್ರೆ?"

"ದನ ಏನ್ಲಾ ಅವ್ಳು, ಕೂಡಿ ಆಕಾಕೆ?"

"ಅಂಗಂದ್ರೆ ನನ್ಗೇನು ಕುಶಿನಾ? ನಿನ್ಗೆ ಬೇರೆ ದಾರಿ ಗೊತ್ತಿದ್ರೆ ತೋರ್ಸು, ಇದನ್ನ ವಾಪಸ್ ಕೊಟ್ಟು ಬತ್ತೀನಿ."

ಮುನೇಶನ ಕಣ್ಣಲ್ಲಿ ನೀರಿತ್ತು. ಅವನನ್ನು ಎತ್ತಿ ಆಡಿಸಿದವಳು ಅದೇ ಅಜ್ಜಿ. ವರಲಕ್ಷ್ಮಮ್ಮ ಸ್ವಲ್ಪ ದಿನ ತಡೆ ಎಂದಳು, ಅಷ್ಟೇ. ಚಿಲಕ ಕಿಟಕಿಯ ಕಟ್ಟೆಯ ಮೇಲೆ ಕೂತಿತು.

ಅವಳಿಗೆ ಒಂದು ಗೊತ್ತಿತ್ತು. ಯಾರಾದರೂ ಪಕ್ಕದಲ್ಲಿ ಕೂತು ಏನಾದರೂ ಹೇಳುತ್ತಿದ್ದರೆ ಮುದುಕಿ ಅಷ್ಟು ಹೊತ್ತು ಏಳುವುದಿಲ್ಲ. ಆದರೆ ಹೇಳುವುದೇನು? ವರಲಕ್ಷ್ಮಮ್ಮ ಜನ್ಮವೆಲ್ಲ ಕೇಳುವುದರಲ್ಲೇ ಕಳೆದವಳು. ಬಾವಿಕಟ್ಟೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಮಾತಾಡುವವರು ಬೇರೆ, ಇವಳು ಹೂಂಗುಟ್ಟುವವಳು. ಎಮ್ಮೆ ವಿಷಯ, ಮಳೆ ವಿಷಯ ಎರಡು ಮಾತಲ್ಲಿ ಮುಗಿಯುತ್ತಿದ್ದವು. ಅತ್ತೆ ಹೇಳಿದ್ದ ಕಥೆಯನ್ನೇ ತಿರುಗಿ ಹೇಳಲು ಹೋದರೆ ನಡುವೆ ಎಳೆ ತಪ್ಪುತ್ತಿತ್ತು. ಮುದುಕಿ ಮತ್ತೆ ಸೆರಗು ಸಿಕ್ಕಿಸಿಕೊಂಡು ಏಳುತ್ತಿದ್ದಳು.

ಆ ವಾರ ಅಂಗಡಿಗೆ ಹೋದವಳೇ ನಿಂತಿದ್ದ ಪುಸ್ತಕಗಳ ಮುಂದೆ ನಿಂತು, "ಅಣ್ಣಾ, ಒಂದು ಕಥೆ ಪುಸ್ತಕ ಕೊಡು," ಎಂದಳು. ವಿಷಯವನ್ನೂ ಹೇಳಿದಳು.

ಆರುಮುಗಂ ಕನ್ನಡದ ಕಥೆಗಳ ಒಂದು ಪುಸ್ತಕ ಆರಿಸಿ ಕೊಟ್ಟ. "ಇದನ್ನ ಓದಿ ಕೇಳಿಸಿದೋರು ಒಬ್ಬ ಅಜ್ಜನೇ. ಓದ್ತಾ ಓದ್ತಾ ಅವರೇ ನಗ್ತಾ ಇದ್ರು. ಅಪ್ಪುರಂ... ಆಮೇಲೆ, ನೀವೂ ಎರಡು ಸಾಲು ಓದಿ."

"ನಿಂತಿರೋ ಪುಸ್ತಕ ಅಲ್ವಾ ಅಣ್ಣ? ಇದಕ್ಕೂ ಓದ್ಬೇಕಾ?"

"ಪುಸ್ತಕ ಎಂಗೈತೆ ಅಂತ ನನ್ಗೆ ಗೊತ್ತು. ನೀವು ಎಂಗೆ ಓದ್ತೀರ ಅಂತ ಗೊತ್ತಾಗ್ಬೇಕಲ್ಲ."

ಬೆರಳಿಟ್ಟು ಓದಿದಳು. ಒಂದು ಸಾಲಿಗೆ ಒಂದು ಗೂಡ್ಸ್ ರೈಲು ದಾಟಿಹೋಗುವಷ್ಟು ಹೊತ್ತು ಹಿಡಿಯಿತು. ಆರುಮುಗಂ ಕಣ್ಣು ಮುಚ್ಚಿ, ಗಂಟಲು ಕೂಡ ಸರಿಮಾಡಿಕೊಳ್ಳದೆ ಕೇಳಿದ. ಮುಗಿದ ಮೇಲೆ, "ಸಾಕು, ಚೆನ್ನಾಗೈತೆ," ಎಂದ. ಅವಳು ಮೈಯ ಭಾರ ಇಳಿದಂತೆ ಬಸ್ಸು ಹತ್ತಿದಳು.

ಆದರೆ ಮನೆಯಲ್ಲಿ ಅದು ನಡೆಯಲಿಲ್ಲ. ಸಂಜೆ ಓದಲು ಕೂತರೆ ಮುದುಕಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಅದೇನೇ ಅದು, ಇಸ್ಕೂಲು ಮೇಷ್ಟ್ರ ಮಾತು," ಎಂದು ಎದ್ದೇಬಿಟ್ಟಳು. ಹಗಲು ಹೊತ್ತಿನಲ್ಲಿ ಕನ್ನಡ ತೆಲುಗು ಎರಡೂ ಒಂದೇ ಆಗಿದ್ದ ಮುದುಕಿಗೆ ಸಂಜೆಯಾದರೆ ಹುಟ್ಟಿದೂರಿನ ಮಾತು ಬಿಟ್ಟು ಬೇರೆ ಮಾತಿನ ಕಥೆ ಒಳಕ್ಕೆ ಇಳಿಯುತ್ತಿರಲಿಲ್ಲ. ವರಲಕ್ಷ್ಮಮ್ಮ ಹಿಂದೆ ಓಡಿದಳು. ಮುನೇಶ್ ಕಿಟಕಿ ಕಟ್ಟೆಯ ಮೇಲಿನ ಚಿಲಕದ ಕಡೆ ನೋಡಿದ.

ಮತ್ತೊಂದು ವಾರ ಬೆಣ್ಣೆ ಕೊಟ್ಟು ಅಂಗಡಿಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನ ರೈಲು ಆಗಷ್ಟೇ ಬಂದಿತ್ತು. ಕಾಲೇಜಿನವರು, ಕೆಲಸದಿಂದ ಮರಳಿದವರು, ಎಲ್ಲ ಹಲಗೆಗಳ ಮುಂದೆ ತುಂಬಿಕೊಂಡಿದ್ದರು. ವರಲಕ್ಷ್ಮಮ್ಮ ಮೂಲೆಗೆ ಸರಿದು ಮಲಗಿರೋ ಪುಸ್ತಕಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಆ ಗುಡ್ಡೆ ಎಂದರೆ ಅವಳಿಗೆ ಮೊದಲಿಂದಲೂ ಆಸೆ. ರೈಲ್ವೆ ಟೈಂ ಟೇಬಲ್ಲಿನ ಕೆಳಗೆ ದೇವರ ಪುಸ್ತಕ, ಅದರ ಕೆಳಗೆ ಟೈಪಿಂಗ್ ಪಾಠ, ಅದರ ಕೆಳಗೆ ಅಡಿಗೆಯದು. ಕಡಲೆಕಾಯಿ ಗಿಡ ಕಿತ್ತಾಗ ಬೇರಿನಲ್ಲಿ ಎಷ್ಟು ಕಾಯಿ ಬಂದಾವೆಂದು ನೋಡುತ್ತೀವಲ್ಲ, ಹಾಗೆ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು.

ತಳದಲ್ಲಿ ಒಂದು ತೆಳ್ಳನೆಯ ಪುಸ್ತಕ ಸಿಕ್ಕಿತು. ರಟ್ಟು ಕಿತ್ತು ಹೋಗಿತ್ತು. ಒಳಗಿನ ಅಕ್ಷರಗಳು ದಪ್ಪ ದಪ್ಪ, ಅವಳ ಕಣ್ಣಿಗೆ ಹೇಳಿ ಮಾಡಿಸಿದಂತಿದ್ದವು. ನಡುವೆ ಮೇಕೆಯ ಚಿತ್ರ, ಗುಡಿಸಲಿನ ಚಿತ್ರ. ಮೊದಲ ಅಕ್ಷರ ಅ, ಆಮೇಲೆ ನ, ಆಮೇಲೆ ಗ. ಕೆಲವು ಅಕ್ಷರಗಳ ತಲೆಯ ಮೇಲೆ ಗೆರೆಯ ಬದಲು ಮೇಷ್ಟ್ರು ಸರಿ ಹಾಕಿದಂಥ ಗುರುತು. ಕೆಲವಂತೂ ಗುರುತೇ ಸಿಗದ ಹಾಗಿದ್ದವು. ಹಳೇ ಕಾಲದ ಅಚ್ಚು ಇರಬೇಕು, ಇಲ್ಲವೇ ನನ್ನ ಕನ್ನಡಕ ಬದಲಾಯಿಸುವ ಕಾಲ ಬಂದಿರಬೇಕು ಎಂದುಕೊಂಡಳು. ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

"ಅಣ್ಣಾ, ಇದನ್ನ ಒಯ್ತೀನಿ! ಮುಂದಿನ ವಾರ ಬಂದು ಓದಿ ಕೇಳಿಸ್ತೀನಿ!"

"ಮರೀಬ್ಯಾಡಿ ಅಕ್ಕಾ, ಮಲಗಿರೋದು ಅದು!" ಎಂದು ಜನಗಳ ತಲೆಯ ಮೇಲಿಂದ ಆರುಮುಗಂ ಕೂಗಿದ.

ಆ ಸಂಜೆ ದೀಪ ಹಚ್ಚಿದ್ದೇ ತಡ, ಮುನಿಶಾಮಮ್ಮ ಎದ್ದು ಬಾಗಿಲಿಗೆ ಬಂದಳು. ವರಲಕ್ಷ್ಮಮ್ಮ ಅವಸರದಲ್ಲಿ ಪುಸ್ತಕ ತೆಗೆದು, ನೆಲದ ಮೇಲೆ ಕೂತು, ಸಿಕ್ಕಿದಷ್ಟು ಸಿಕ್ಕಲಿ ಎಂದು ಗಟ್ಟಿಯಾಗಿ ಶುರು ಮಾಡಿದಳು. "ಅ... ನ... ಗ... ನ... ಗಾ..." ಇದೆಂಥ ಮಾತು ಎಂದು ಅವಳಿಗೇ ತಿಳಿಯಲಿಲ್ಲ. "ಅನ... ಗನಗಾ... ಒ..." ಎಂದು ಮುಂದಿನ ಅಕ್ಷರಕ್ಕೆ ನಿಂತುಬಿಟ್ಟಳು. ಅದು ಎರಡು ಕೊಕ್ಕೆ ಸೇರಿಸಿದಂತಿತ್ತು.

ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ ಮುದುಕಿ ನಿಂತಳು.

"ಒಕ ಊರ್ಲೋ," ಎಂದಳು.

ವರಲಕ್ಷ್ಮಮ್ಮ ತಲೆಯೆತ್ತಿದಳು. ಅನಗನಗಾ ಒಕ ಊರ್ಲೋ. ಒಂದಾನೊಂದು ಊರಿನಲ್ಲಿ. ಒಲೆ ಮುಂದೆ ಕೂತು ಅತ್ತೆ ದಿನಾ ರಾತ್ರಿ ಶುರು ಮಾಡುತ್ತಿದ್ದುದು ಹೀಗೇ. ಕೈಯಲ್ಲಿದ್ದದ್ದು ತೆಲುಗು ಪುಸ್ತಕ! ತೆಲುಗು ಎನ್ನುವುದು ಅವಳಿಗೆ ಬಾಯಿಯ ಮಾತು, ಕಿವಿಯ ಮಾತು. ಅದನ್ನೂ ಕನ್ನಡದ ಥರವೇ ಬರೆಯುತ್ತಾರೆಂದು ಅವಳು ಎಂದೂ ಯೋಚಿಸಿರಲಿಲ್ಲ. ಗಡಿಯಾಚೆಯ ಬಸ್ಸುಗಳನ್ನು ಕೂಡ ಬಣ್ಣ ನೋಡಿ ಹತ್ತಿದವಳು ಅವಳು.

"ಊರ್ಲೋ ಒಕ ಅವ್ವ," ಎಂದು ಗುರುತಿದ್ದ ಅಕ್ಷರಗಳನ್ನು ಹಿಡಿದು ಮುಂದೆ ತಡಕಾಡಿದಳು. ಅವ್ವ ಎಂದರೆ ಮುದುಕಿ. "ಅವ್ವ ದಗ್ಗರ ಒಕ ಮೇ... ಮೇ..." ಅವ್ವನ ಹತ್ತಿರ ಒಂದು ಏನೋ; ಮತ್ತೆ ಅದೇ ಎರಡು ಕೊಕ್ಕೆ ಅಡ್ಡ ಬಂತು. "ಮೇ... ಮೇ..."

"ಮೇಕ!" ಎಂದು ಮುದುಕಿ ಸಿಡುಕಿದಳು. "ಮೇ ಮೇ ಅಂತ ನೀನೇ ಮೇಕೆ ಥರ ಅರಚ್ತೀಯಲ್ಲೇ! ಒಕ ಮೇಕ. ತರ್ವಾತ?"

ಆಮೇಲೆ ಏನಾಯ್ತು ಎಂದು ಕೇಳುತ್ತಲೇ ಅವಳು ಹೊಸ್ತಿಲಿನಿಂದ ಕಾಲು ಒಳಕ್ಕೆ ತೆಗೆದು, ಗೋಡೆ ಹಿಡಿದು, ಸೊಸೆಯ ಪಕ್ಕ ಬಂದು ಕೂತಳು.

ಎರಡು ಕೊಕ್ಕೆ ಎಂದರೆ ಕ ಎಂದು ವರಲಕ್ಷ್ಮಮ್ಮನಿಗೆ ಆ ದಿನ ತಿಳಿಯಿತು. ಇನ್ನೊಂದು ಗುರುತು ಸಿಗದ್ದು ತ ಎಂದು ಮರುದಿನ ತಿಳಿಯಿತು. ಪ್ರತಿಯೊಂದು ಸಾಲಿನಲ್ಲೂ ಅವಳು ಎಡವುವುದು, ಮುದುಕಿ ಎತ್ತಿ ನಿಲ್ಲಿಸುವುದು. ಕೆಲವು ಕಡೆ ಮುದುಕಿ ಪುಸ್ತಕದಲ್ಲಿ ಇಲ್ಲದ್ದನ್ನೇ ಹೇಳುತ್ತಿದ್ದಳು. ಮೇಕೆಗೆ ಹೆಸರಿಟ್ಟಳು, ಅವ್ವನಿಗೆ ಕಿತ್ತಾಡುವ ನಾದಿನಿಯೊಬ್ಬಳನ್ನು ತಂದಳು. ಪುಸ್ತಕ ಒಂದು ದಾರಿಗೆ, ಮುದುಕಿ ಇನ್ನೊಂದು ದಾರಿಗೆ. ಮುನೇಶ್ ಡೇರಿಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದ. ಎಷ್ಟೋ ತಿಂಗಳ ಮೇಲೆ ಅಜ್ಜಿಯ ಆ ದನಿ ಅವನಿಗೆ ಕೇಳಿಸುತ್ತಿತ್ತು. ಕೈಕಾಲು ತೊಳೆದು ಬಂದು ಗೋಡೆಗೊರಗಿ ಕೂತ.

ಮುಂದಿನ ವಾರ ವರಲಕ್ಷ್ಮಮ್ಮ ಮಾತು ಕೊಟ್ಟಂತೆ ಪುಸ್ತಕ ತಂದು ಆರುಮುಗಂ ಮುಂದೆ ಓದಿದಳು. ಪಕ್ಕದ ಟೈಲರ್ ಕೋದಂಡಪ್ಪ ಪೇಪರು ನೋಡಲು ಬಂದು ಅಲ್ಲೇ ಕೂತಿದ್ದ. ಎರಡನೇ ಮಾತಿಗೇ ಆರುಮುಗಂ ಕಣ್ಣು ಬಿಟ್ಟ.

"ಅಕ್ಕಾ! ಇದು ಕನ್ನಡ ಅಲ್ಲ!"

"ಗೊತ್ತಣ್ಣ. ನನ್ಗೂ ಮನೇಗೆ ಓದ್ಮೇಲೆ ಗೊತ್ತಾಗಿದ್ದು."

ಕೋದಂಡಪ್ಪ ಗಹಗಹಿಸಿ ನಕ್ಕ. ಅವನದು ತೆಲುಗು ಓದು. "ಇವನ್ಗೆ ಎಷ್ಟು ಸಲ ಏಳಿದೀನಿ ಕೇಳಮ್ಮ, ಆ ಗುಡ್ಡೇನಾಗೆ ಎರಡೂ ಕಲೆಸಿಟ್ಟಿದೀಯ ಅಂತ. ಇವನ್ ಕಣ್ಣಿಗೆ ಕನ್ನಡಾನೂ ಜಿಲೇಬಿ, ತೆಲುಗೂ ಜಿಲೇಬಿ."

"ಅಲ್ಲಾಂದ್ರೆ ಏನಯ್ಯಾ? ನಿಮ್ದು ಎರಡೂ ಜಿಲೇಬಿನೇ. ನಮ್ ತಮಿಳು ಮುರುಕ್ಕು, ದೂರದಿಂದ ನೋಡಿದ್ರೂ ಗೊತ್ತಾಯ್ತದೆ," ಎಂದು ಆರುಮುಗಂ ತಿರುಗಿಸಿ ಕೊಟ್ಟ. ಆದರೆ ಅವನ ಮುಖ ಚಿಕ್ಕದಾಗಿತ್ತು. "ತಪ್ಪಾಯ್ತಕ್ಕಾ. ಅವಸರದಾಗೆ ಬೇರೆ ಪುಸ್ತಕ ಒಯ್ಯೋ ಅಂಗಾಯ್ತು. ಕೊಡಿ, ಬದಲಾಯಿಸಿ ಕೊಡ್ತೀನಿ."

ವರಲಕ್ಷ್ಮಮ್ಮ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅವಳು ಅಷ್ಟು ಹೊತ್ತು ಒಂದೇ ಉಸಿರಿಗೆ ಮಾತಾಡಿದ್ದನ್ನು ಆರುಮುಗಂ ಎಂದೂ ಕಂಡಿರಲಿಲ್ಲ. ಕಣ್ಣು ಮುಚ್ಚಿ ಕೇಳಿದ.

ಕೇಳಿದ ಮೇಲೆ, "ಕೋದಂಡಪ್ಪಾ, ಏಳು. ಇವತ್ತೇ ಆ ಗುಡ್ಡೆ ಬೇರೆ ಬೇರೆ ಮಾಡಾನ. ಅಕ್ಕನಿಗೆ ಉಡುಕೋ ಕಷ್ಟ ಬ್ಯಾಡ," ಎಂದು ಪಂಚೆ ಎತ್ತಿ ಕಟ್ಟಿದ.

"ಬ್ಯಾಡಣ್ಣ, ಅಂಗೇ ಇರ್ಲಿ," ಎಂದಳು ವರಲಕ್ಷ್ಮಮ್ಮ. "ಮೊದ್ಲೇ ಬೇರೆ ಬೇರೆ ಮಾಡಿಟ್ಟಿದ್ರೆ ನಾನು ಕನ್ನಡದ ಕಡೀಕೇ ಓಗಿರ್ತಿದ್ದೆ. ಇದು ನನ್ಗೆ ಸಿಕ್ತಾನೇ ಇರ್ಲಿಲ್ಲ."

ಗುಡ್ಡೆ ಹಾಗೇ ಉಳಿಯಿತು. ಕೋದಂಡಪ್ಪ ಮಾತ್ರ ಗಿರಾಕಿ ಬಾರದ ಹೊತ್ತಿನಲ್ಲಿ ಬಂದು ಅವಳ ಜೊತೆ ಕೆದಕುತ್ತಿದ್ದ. ಅವನು ಒಂದು ಎತ್ತಿ ಓದುವನು, ಅವಳು ಕೇಳುವಳು. ಗ್ರಂಥದ ಭಾಷೆಯಾದರೆ ತಲೆ ಅಲ್ಲಾಡಿಸುವಳು. ಮಾತಾಡಿದ ಹಾಗಿದ್ದರೆ, "ಇದು ಆಯ್ತದೆ, ಕೊಡಿ," ಎನ್ನುವಳು. ಒಂದೊಂದು ದಿನ ಏನೂ ಸಿಗುತ್ತಿರಲಿಲ್ಲ. ಆದರೂ ಅಲ್ಲಿ ಕೂತು ಧೂಳು ಕುಡಿದು ಬಂದರೆ ಹಬ್ಬದೂಟ ಉಂಡಂತೆ ಇರುತ್ತಿತ್ತು. ಕಿಟಕಿ ಕಟ್ಟೆಯ ಮೇಲಿದ್ದ ಚಿಲಕವನ್ನು ಮುನೇಶ್ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಬಾಗಿಲಿಗೆ ಹಾಕಿದ. ಎಲ್ಲ ಸಂಜೆಯೂ ಗೆದ್ದಿತೆಂದಲ್ಲ. ಕೆಲವು ದಿನ ಮುದುಕಿ ಏನಕ್ಕೂ ಬಗ್ಗದೆ ಬೀದಿಗೆ ಇಳಿಯುತ್ತಿದ್ದಳು. ಆಗ ವರಲಕ್ಷ್ಮಮ್ಮ ಪುಸ್ತಕ ಹಿಡಿದು ಜೊತೆಯಲ್ಲೇ ನಡೆದು, ಬೀದಿಯ ದೀಪದ ಕೆಳಗೆ ನಿಂತು ಓದುತ್ತಿದ್ದಳು. ಒಂದು ಮಾತಿಗೆ ಎಡವಿದರೆ ಸಾಕು, ಮುದುಕಿ ಹಿಂತಿರುಗಿ ನೋಡುತ್ತಿದ್ದಳು.

ಹೀಗೆ ಒಂದು ಬೇಸಿಗೆ ಕಳೆದು ಮಳೆ ಶುರುವಾಯಿತು. ಒಂದು ಸಲ ಅಂಗಡಿಯಲ್ಲಿ ಹೊಸದಾಗಿ ಸಿಕ್ಕಿದ್ದನ್ನು ಓದಿ ಕೇಳಿಸುವಾಗ ಆರುಮುಗಂ ಕಣ್ಣು ಬಿಟ್ಟು ನಕ್ಕ. "ಏನಕ್ಕಾ ಇದು? ಮೊದ್ಲು ಗೂಡ್ಸ್ ಗಾಡಿ ಆಗಿದ್ರಿ. ಈಗ ನಿಲ್ಲದೇ ಓಡ್ತಾ ಇದೀರ!"

ನಿಜ. ಅವಳಿಗೇ ಗೊತ್ತಾಗದ ಹಾಗೆ ನಾಲಿಗೆ ಪಳಗಿತ್ತು. ಸಾಲಿಗೆ ಸಾಲು ಸರಾಗವಾಗಿ ಬರುತ್ತಿತ್ತು. ಬಸ್ಸಿನಲ್ಲಿ ಕೂತವಳಿಗೆ ಮನೆ ತಲುಪುವವರೆಗೂ ಬಾಯ್ತುಂಬ ನಗು. ಇವತ್ತು ಅತ್ತೆಗೆ ಒಂದು ಕಥೆಯನ್ನು ಎಲ್ಲೂ ನಿಲ್ಲದೆ ಓದಿಬಿಡಬೇಕು ಎಂದುಕೊಂಡಳು.

ಓದಿದಳು. ಒಂದು ಮಾತಿಗೂ ತಡವರಿಸದೆ, ಮೇಷ್ಟ್ರು ಓದಿದ ಹಾಗೆ, ಮೊದಲನೇ ಹಾಳೆ ಮುಗಿಸಿದಳು. ಮುನಿಶಾಮಮ್ಮ ಸುಮ್ಮನಿದ್ದಳು. ಎರಡನೇ ಹಾಳೆಗೆ ಅವಳ ಕೈ ಸೆರಗನ್ನು ತಿರುಚತೊಡಗಿತು. ಮೂರನೆಯದಕ್ಕೆ ಎದ್ದುಬಿಟ್ಟಳು.

"ಇಂಟಿಕಿ ಪೋತಾನು. ಯಾರಮ್ಮಾ ನೀನು? ಬಿಡು, ಒತ್ತಾಯ್ತು."

ವರಲಕ್ಷ್ಮಮ್ಮ ಇನ್ನೂ ಗಟ್ಟಿಯಾಗಿ ಓದಿದಳು. ಮುದುಕಿ ಬಾಗಿಲವರೆಗೆ ಹೋಗಿಯಾಗಿತ್ತು. ಕಥೆ ಚೆನ್ನಾಗಿಲ್ಲವೇ? ಭಾಷೆ ಕಷ್ಟವೇ? ಎರಡೂ ಅಲ್ಲ. ಕೋದಂಡಪ್ಪನ ಜೊತೆ ಕೂತು ತಾನೇ ಕೇಳಿ ಆರಿಸಿ ತಂದದ್ದು ಅದು. ಮುದುಕಿಯ ಬೆನ್ನು ನೋಡುತ್ತಾ ಕೂತಿದ್ದಂತೆ ಅವಳಿಗೆ ನಿಧಾನವಾಗಿ ತಿಳಿಯಿತು. ತಾನು ಎಡವಿದಾಗಲೆಲ್ಲ ಮುದುಕಿಗೆ ಒಂದು ಕೆಲಸವಿತ್ತು. ಬಿದ್ದ ಮಾತನ್ನು ಎತ್ತಿ ಕೊಡುವ ಕೆಲಸ. ಒಲೆ ಮುಂದೆ ಅಳುತ್ತಿದ್ದ ಸೊಸೆಗೆ ಮಾತು ಕಲಿಸಿದಾಗಿನ ಕೆಲಸವೇ ಅದು. ಇವತ್ತು ಆ ಕೆಲಸವನ್ನು ತಾನು ಕಿತ್ತುಕೊಂಡಿದ್ದಳು. ಕೆಲಸವಿಲ್ಲದ ಮನೆಯಲ್ಲಿ ಯಾರು ಕೂರುತ್ತಾರೆ? ಎದ್ದು ಹೋಗಲೇಬೇಕಲ್ಲ.

ಪುಸ್ತಕವನ್ನು ದೀಪಕ್ಕೆ ಹತ್ತಿರ ಹಿಡಿದಳು. ಸಾಲಿನಲ್ಲಿ ಕೋಡಲು ಎಂದಿತ್ತು. ಸೊಸೆ ಎನ್ನುವ ಮಾತು. ಈ ಮನೆಗೆ ಬಂದ ದಿನದಿಂದ ಕೇಳುತ್ತಾ ಬಂದ ಮಾತು. ಅದರ ಮೇಲೆ ಬೆರಳಿಟ್ಟಳು.

"ಆ ಇಂಟಿ ಕೋ..." ಎಂದು ನಿಂತಳು. "ಕೋ... ಕೋ..."

ಮುದುಕಿ ಹೊಸ್ತಿಲಲ್ಲಿ ನಿಂತಳು. ಹೊರಗೆ ಮಳೆ ಹನಿಯುತ್ತಿತ್ತು.

"ಕೋ..." ಎಂದಳು ಮತ್ತೊಂದು ಸಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಕೂರುವುದು ಓದುವುದಕ್ಕಿಂತ ಕಷ್ಟವಾಗಿತ್ತು.

"ಕೋಳಿ ಏನೇ, ಕೊಕ್ಕೋ ಅನ್ನಾಕೆ!" ಮುದುಕಿ ತಿರುಗಿದಳು. "ಕೋಡಲು! ಆ ಇಂಟಿ ಕೋಡಲು. ನೀನು ಈ ಮನೆಗೆ ಏನಾಗ್ಬೇಕು? ಅಷ್ಟೂ ಗೊತ್ತಿಲ್ವೇನೇ ಮೊದ್ದೂ?"

"ಗೊತ್ತಾಗ್ಲಿಲ್ಲ ಅತ್ತೆ. ನೀನೇ ಏಳ್ಕೊಡು."

"ಎಷ್ಟು ಸಲ ಏಳ್ಕೊಡೋದು ನಿನ್ಗೆ? ತಲೇಗೆ ಒಂದೂ ಅತ್ತಲ್ಲ." ಬೈಯುತ್ತಲೇ ಗೋಡೆ ಹಿಡಿದು ಬಂದು, ಮಂಡಿ ಊರಿ, ಪಕ್ಕದಲ್ಲಿ ಕೂತಳು. "ತರ್ವಾತ? ಕೋಡಲು ಏನ್ ಮಾಡಿದ್ಲು?"

ವರಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಮುಂದಿನ ಸಾಲಿನಲ್ಲಿ ಎಲ್ಲಿ ಎಡವಬೇಕೆಂದು ಹುಡುಕುತ್ತಾ ಬೆರಳು ಸರಿಸಿದಳು.